ಮುಕ್ತಾಳ ನಿಬಂಧ, ಧಾರವಾಡದ ಅರ್ಜಿ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಂದ ಆತ್ಮಕಥೆ ಬರೆಸುತ್ತಾರೆ. ಯಾರದು? ಹರಿದ ಕೊಡೆಯದು, ಹಳೆಯ ನಾಣ್ಯದ್ದು, ನದಿಯದು. ನಾಣ್ಯಕ್ಕೆ ಬಾಯಿ ಬರುತ್ತದೆ, ಕೊಡೆ ಕಣ್ಣೀರು ಹಾಕುತ್ತದೆ, ಬರೆಯುವ ಮಗು ಮಾತ್ರ ಎಲ್ಲೂ ಇಲ್ಲ. 'ನನ್ನ ಮನೆ' ಅಂತ ವಿಷಯ ಕೊಟ್ಟರೂ ಅಷ್ಟೇ. ಕೇರಿಯ ಹುಡುಗ ಗೈಡು ನೋಡಿ, ನಮ್ಮ ಮನೆಯ ಮುಂದೆ ಸುಂದರವಾದ ಹೂದೋಟವಿದೆ ಎಂದು ಬರೆದು ತರುತ್ತಾನೆ. ಹತ್ತಕ್ಕೆ ಎಂಟು ಅಂಕ ಬೀಳುತ್ತದೆ. ಸುಳ್ಳು ಬರೆದದ್ದಕ್ಕೆ ಅಂಕ ಕೊಟ್ಟು, ಸುಳ್ಳನ್ನೇ ಭಾಷೆ ಅಂತ ನಂಬಿಸುವ ಕೆಲಸ ಅಲ್ಲಿಂದ ಶುರುವಾಗುತ್ತದೆ.

ದಲಿತ ವಿಮರ್ಶೆ ಇಷ್ಟು ಕಾಲ ಕಾವ್ಯ, ಕಾದಂಬರಿ, ಆತ್ಮಕಥನಗಳ ಜೊತೆ ಗುದ್ದಾಡಿದೆ. ಗುದ್ದಾಡಬೇಕಾದದ್ದೇ. ಆದರೆ ಬರವಣಿಗೆ ಮೊದಲು ಕೈಗೆ ಹತ್ತುವ ಜಾಗ ನಾಲ್ಕನೆಯ ಇಯತ್ತೆಯ ಕೋಣೆ. ಆ ಕೋಣೆಗೆ ನಮ್ಮ ವಿಮರ್ಶಕರು ಹೆಚ್ಚಾಗಿ ಕಾಲಿಟ್ಟಿಲ್ಲ. ನಾನು ಮಾಸ್ತರಿಕೆ ಮಾಡಿ ಬದುಕುವವ, ಹಾಗಾಗಿ ಈ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ಮಗು ತನ್ನ ಕತೆಯನ್ನು ತಾನೇ ಬರೆಯುವುದಕ್ಕೆ ನಮ್ಮಲ್ಲಿ ಒಂದು ಚರಿತ್ರೆ ಇದೆ. ಅದು ಗೈಡುಗಳಿಗಿಂತ ಹಳೆಯದು.

1855ನೆಯ ಇಸವಿ. ಅಮೆರಿಕನ್ ಮಿಶನರಿಗಳು ನಡೆಸುತ್ತಿದ್ದ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆಯ ಫೆಬ್ರವರಿ ಮತ್ತು ಮಾರ್ಚ್ ಸಂಚಿಕೆಗಳಲ್ಲಿ ಒಂದು ನಿಬಂಧ ಅಚ್ಚಾಯಿತು. ವಿಷಯ, ಮಾಂಗ ಮತ್ತು ಮಹಾರರ ದುಃಖ. ಬರೆದವಳು ಮುಕ್ತಾ ಸಾಳ್ವೆ. ಮಾಂಗ ಜಾತಿಯ ಹುಡುಗಿ, ವಯಸ್ಸು ಸುಮಾರು ಹದಿನಾಲ್ಕು, ಪುಣೆಯಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ನಡೆಸುತ್ತಿದ್ದ ಶಾಲೆಯಲ್ಲಿ ಮೂರು ವರ್ಷ ಓದಿದವಳು. ಮೂರೇ ವರ್ಷ. ಫುಲೆ ದಂಪತಿ ಹೆಣ್ಣುಮಕ್ಕಳಿಗೆಂದು ಮೊದಲ ಶಾಲೆ ತೆರೆದದ್ದು 1848ರಲ್ಲಿ. ಅಲ್ಲಿಂದ ಏಳೇ ವರ್ಷದಲ್ಲಿ ಈ ನಿಬಂಧ ಬಂತು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಭಾರತೀಯ ಮಹಿಳಾ ಬರಹಗಳ ಇಂಗ್ಲಿಷ್ ಸಂಕಲನದಲ್ಲಿ ಸೇರಿದ ಮೇಲೆ ಮಹಾರಾಷ್ಟ್ರದ ಹೊರಗಿನವರೂ ಅವಳನ್ನು ಓದುವಂತಾಯಿತು.

ಆ ನಿಬಂಧ ಕಟ್ಟಿಕೊಂಡಿರುವ ರೀತಿ ನೋಡಬೇಕು. ಹುಡುಗಿ ನೇರ ವೇದಕ್ಕೇ ಕೈ ಹಾಕುತ್ತಾಳೆ. ವೇದ ತಮ್ಮದೊಂದೇ ಆಸ್ತಿ ಅಂತ ಬ್ರಾಹ್ಮಣರು ಹೇಳುವುದಾದರೆ ನಮಗೆ ಗ್ರಂಥವಿಲ್ಲ, ಗ್ರಂಥವಿಲ್ಲ ಅಂದಮೇಲೆ ಧರ್ಮವೂ ಇಲ್ಲ, ಹಾಗಾದರೆ ನಮ್ಮದು ಯಾವ ಧರ್ಮ ಅಂತ ದೇವರನ್ನೇ ಕೇಳುತ್ತಾಳೆ. ಇದು ತರ್ಕ. ತರ್ಕದ ಹಿಂದೆಯೇ ಸಂಗತಿಗಳು ಬರುತ್ತವೆ. ಬಾಜೀರಾಯನ ಆಳಿಕೆಯಲ್ಲಿ ತಾಲೀಮುಖಾನೆಯ ಮುಂದೆ ಮಾಂಗನೋ ಮಹಾರನೋ ಹಾದುಹೋದರೆ ಅವನ ತಲೆ ಕಡಿದು ಗುಲ್ಟೇಕಡಿಯ ಬಯಲಲ್ಲಿ ಚೆಂಡಾಟ ಆಡುತ್ತಿದ್ದರು, ಕಟ್ಟಡಗಳ ಪಾಯಕ್ಕೆ ತಮ್ಮವರನ್ನು ಹುಗಿಯುತ್ತಿದ್ದರು ಎಂದು ಬರೆಯುತ್ತಾಳೆ. ಹೆಸರು ಹಿಡಿದು, ಜಾಗ ಹಿಡಿದು ಬರೆಯುತ್ತಾಳೆ. ಪೇಶ್ವೆ ಆಳಿಕೆ ಮುಗಿದದ್ದು 1818ರಲ್ಲಿ. ಅವಳು ಬರೆಯುವ ಹೊತ್ತಿಗೆ ಮೂವತ್ತೇಳು ವರ್ಷ ಕಳೆದಿತ್ತು. ಅಂದರೆ ಆ ಕಾಲ ಕಂಡ ಮುದುಕರು ಕೇರಿಯಲ್ಲಿ ಇನ್ನೂ ಇರಬಹುದಾದ ಹೊತ್ತು. ಮುಂದೆ, ಮೇಲೆ ಸೂರಿಲ್ಲದೆ ಮಳೆಯಲ್ಲಿ, ಚಳಿಯಲ್ಲಿ ಹೆರುವ ತನ್ನ ಜಾತಿಯ ಹೆಂಗಸರ ಮಾತು ಬರುತ್ತದೆ. ಹೆರಿಗೆಯ ಸಂಕಟವನ್ನು ಶಾಲೆಯ ನಿಬಂಧದಲ್ಲಿ ಬರೆಯಬಾರದು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ. ಇವತ್ತಿನ ಎಷ್ಟು ಶಾಲೆಗಳಲ್ಲಿ ಅದು ಕೆಂಪು ಶಾಯಿ ತಪ್ಪಿಸಿಕೊಂಡೀತು?

'ನಾನು' ಅನ್ನುವುದಕ್ಕಿಂತ 'ನಾವು' ಅನ್ನುವುದೇ ಅವಳ ಬರಹದ ದನಿ. ಆಧುನಿಕ ವಿಮರ್ಶೆ ಇದನ್ನು ವ್ಯಕ್ತಿತ್ವದ ಕೊರತೆ ಅಂತ ಓದೀತು. ನನಗೆ ಹಾಗನ್ನಿಸುವುದಿಲ್ಲ. ಒಬ್ಬ ಹುಡುಗಿ ತನ್ನ ಕತೆ ಹೇಳಲು ಹೊರಟರೆ ಅಜ್ಜನ ಕತೆ, ಅವ್ವನ ಕತೆ ಜೊತೆಗೇ ನಡೆದು ಬರುವುದು ಕೇರಿಯ ನಿರೂಪಣೆಯ ಸಹಜ ನಡೆ.

ಅವಳು ಇಂಗ್ಲಿಷರ ಆಳಿಕೆಯನ್ನು ಹೊಗಳುತ್ತಾಳೆ, ನಿಜ. ರಾಷ್ಟ್ರೀಯವಾದಿ ಓದುಗರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಆ ಸರ್ಕಾರ ಎಂಥದ್ದು ಅಂತ ತಿಳಿಯಲು ಪುಣೆಯಿಂದ ನಮ್ಮ ಧಾರವಾಡಕ್ಕೆ ಬರಬೇಕು. ಎರಡೂ ಆಗ ಒಂದೇ ಮುಂಬಯಿ ಪ್ರಾಂತ. ಮುಕ್ತಾಳ ನಿಬಂಧ ಅಚ್ಚಾದ ಮರುವರ್ಷ, 1856ರ ಜೂನ್ ತಿಂಗಳಲ್ಲಿ, ಒಬ್ಬ ಮಹಾರ ಹುಡುಗ ಸರ್ಕಾರಕ್ಕೆ ಅರ್ಜಿ ಕೊಟ್ಟ. ಎಲ್ಲರಂತೆ ಫೀ ಕೊಡಲು ತಯಾರಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಜುಲೈನಲ್ಲಿ ಮುಂಬಯಿ ಸರ್ಕಾರ ಠರಾವು ಮಾಡಿತು. ಅದರ ಸಾರಾಂಶ ಇಷ್ಟು: ನ್ಯಾಯ ಹುಡುಗನ ಕಡೆಗಿದೆ, ಆದರೆ ಅವನೊಬ್ಬನಿಗಾಗಿ ಒತ್ತಾಯ ಮಾಡಿದರೆ ಶಾಲೆ ಉಳಿದ ಬಹುಜನಕ್ಕೆ ಉಪಯೋಗವಿಲ್ಲದಂತಾಗುತ್ತದೆ, ಹಾಗಾಗಿ ಸರ್ಕಾರ ಕೈ ಹಾಕುವುದಿಲ್ಲ. ನ್ಯಾಯವನ್ನು ಒಪ್ಪಿಕೊಂಡೇ ಬಾಗಿಲು ಮುಚ್ಚುವ ಈ ವರಸೆ ನಮಗೆ ಹೊಸದೇನಲ್ಲ ಬಿಡಿ. ಪ್ರಕರಣ ಇಂಡಿಯಾ ಸರ್ಕಾರದವರೆಗೂ, ಲಂಡನ್ನಿನ ಕಂಪನಿ ನಿರ್ದೇಶಕರವರೆಗೂ ಹೋಯಿತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಅಂತ ಲಂಡನ್ನಿನವರು 1858ರಲ್ಲಿ ಬರೆದರು. ಕಾಗದದ ಮೇಲೆ ಬರೆದರು.

1928ರಲ್ಲಿ ಸೈಮನ್ ಆಯೋಗಕ್ಕೆ ಶಿಕ್ಷಣದ ಬಗ್ಗೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದರು. ಧಾರವಾಡವೆಂದರೆ ನಮಗೆ ಸಾಹಿತ್ಯದ ತವರು, ವಿದ್ಯೆಯ ಕಾಶಿ. ಆ ಊರಿನ ವಿದ್ಯೆಯ ಚರಿತ್ರೆ ಬರೆಯುವವರು ಮೊದಲ ಪುಟದಲ್ಲಿ ಈ ಹುಡುಗನನ್ನು ನಿಲ್ಲಿಸಬೇಕಿತ್ತು. ಅವನ ಅರ್ಜಿಯೂ ಒಂದು ನಿರೂಪಣೆಯೇ: ಹೋದೆ, ಫೀ ಕೊಡುತ್ತೇನೆ ಅಂದೆ, ಸೇರಿಸಿಕೊಳ್ಳಲಿಲ್ಲ. ಇದಕ್ಕಿಂತ ಬಿಗಿಯಾದ ಕತೆ ಬೇಕೆ?

ಅಂಬೇಡ್ಕರ್ ತಾವೇ ಇಂಥ ಬಿಗಿಯಲ್ಲಿ ಬರೆದದ್ದು 'ವೀಸಾಕ್ಕಾಗಿ ಕಾಯುತ್ತಾ'. 1930ರ ದಶಕದಲ್ಲಿ ಬರೆದದ್ದು, ಪುಸ್ತಕವಾದದ್ದು 1990ರಲ್ಲಿ. ಅದರ ಮೊದಲ ಭಾಗ 1901ರ ಪ್ರಯಾಣ. ಹುಡುಗರು ಒಳ್ಳೆಯ ಬಟ್ಟೆ ಹಾಕಿಕೊಂಡು ಮಸೂರ ಸ್ಟೇಶನ್ನಿನಲ್ಲಿ ಇಳಿಯುತ್ತಾರೆ, ಅಪ್ಪನ ಕಡೆಯವರು ಯಾರೂ ಬಂದಿಲ್ಲ. ಮಹಾರರು ಅಂತ ತಿಳಿದ ಕೂಡಲೇ ಸ್ಟೇಶನ್ ಮಾಸ್ತರ ಹಿಂದೆ ಸರಿಯುತ್ತಾನೆ. ದುಪ್ಪಟ್ಟು ಬಾಡಿಗೆಗೆ ಒಂದು ಗಾಡಿ ಸಿಗುತ್ತದೆ, ಆದರೆ ಹುಡುಗರೇ ಎತ್ತು ಹೊಡೆಯಬೇಕು, ಗಾಡಿಯವ ನಡೆದು ಬರುತ್ತಾನೆ. ಬುತ್ತಿ ಇದೆ, ನೀರಿಲ್ಲ. ದೊಡ್ಡ ದೊಡ್ಡ ವಿಶೇಷಣಗಳಿಲ್ಲದೆ, ಒಂದಾದ ಮೇಲೆ ಒಂದು ಸಂಗತಿ. ಐದನೆಯ ಇಯತ್ತೆಯ ಮಕ್ಕಳಿಗೆ ನಾನು ಇದನ್ನು ನಮ್ಮ ಮಾತಿನಲ್ಲಿ ಹೇಳಿ, ಎಲ್ಲೆಲ್ಲಿ ನೀರು ಬಂತು ಗುರುತು ಹಾಕ್ರಿ ಅಂತೇನೆ. ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ.

ಇಲ್ಲೊಂದು ಅಪಾಯವೂ ಇದೆ, ನಮ್ಮ ಕಾರ್ಯಕರ್ತ ಗೆಳೆಯರು ಗಮನಿಸಬೇಕು. ಕೇರಿಯ ಮಗುವನ್ನು ಎದ್ದು ನಿಲ್ಲಿಸಿ, ನಿನ್ನ ಅವಮಾನ ಹೇಳು ಅಂತ ಕೇಳುವುದು ಪಾಠವಲ್ಲ, ಇನ್ನೊಂದು ಅವಮಾನ. ಉಳಿದ ಮಕ್ಕಳು ಪ್ರೇಕ್ಷಕರಾಗುತ್ತಾರೆ, ಇವನು ನೋವಿನ ನಮೂನೆಯಾಗುತ್ತಾನೆ. ಆದ್ದರಿಂದ ನಾನು ಎಲ್ಲರಿಗೂ ಒಂದೇ ವಿಷಯ ಕೊಡುತ್ತೇನೆ: ನಿನ್ನೆ ಸಂಜೆ ನಳದ ಹತ್ತಿರ ಏನಾಯಿತು? ಯಾರು ಮುಂದೆ ನಿಂತಿದ್ದರು, ಯಾರು ಕೊಡ ಸರಿಸಿದರು, ಯಾರು ಏನಂದರು. ಊರಿನ ಮಗುವೂ ಬರೆಯಲಿ, ಕೇರಿಯ ಮಗುವೂ ಬರೆಯಲಿ. ಗಟ್ಟಿಯಾಗಿ ಓದುವುದು ಬಿಡುವುದು ಬರೆದವರ ಇಷ್ಟ.

ಭಾಷೆಯ ಜಗಳ ಬೇರೆ. 'ನಮ್ಮವ್ವ ಕಳೆ ತಗಿಯಾಕ ಹೋಗ್ಯಾಳ' ಅಂತ ಮಗು ಬರೆದರೆ ಮೊದಲ ಸಲ ನಾನು ತಿದ್ದುವುದಿಲ್ಲ. ಕತೆ ಪೂರಾ ಕಾಗದಕ್ಕೆ ಇಳಿಯಲಿ, ಗ್ರಾಂಥಿಕ ಆಮೇಲೆ. ಗ್ರಾಂಥಿಕ ಬೇಡ ಅಂತಲ್ಲ. ಮುಕ್ತಾಳಿಗೂ ಧಾರವಾಡದ ಹುಡುಗನಿಗೂ ಸರ್ಕಾರಕ್ಕೆ, ಪತ್ರಿಕೆಗೆ ತಿಳಿಯುವ ಭಾಷೆ ಬೇಕಾಗಿತ್ತು, ನಮ್ಮ ಮಕ್ಕಳಿಗೂ ಬೇಕು. ಯಾವುದು ಮೊದಲು ಅನ್ನುವುದಷ್ಟೇ ಜಗಳ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇಂಥ ವಹಿಯೊಂದನ್ನು ಹಿಡಿದು, ಇದೇನ್ ಕನ್ನಡಾ ಮಾಸ್ತರ ಅಂದರು. ಫುಲೆ 1882ರಲ್ಲಿಯೇ ಹಂಟರ್ ಆಯೋಗದ ಮುಂದೆ, ಪ್ರಾಥಮಿಕ ಶಾಲೆಯ ಮಾಸ್ತರರು ಒಕ್ಕಲು ಜಾತಿಗಳಿಂದ ಬರಬೇಕು ಅಂತ ಕೇಳಿದ್ದು ಯಾಕೆ ಅಂತ ಆ ಹೊತ್ತಿಗೆ ನನಗೆ ಇನ್ನಷ್ಟು ತಿಳಿಯಿತು. ವಹಿ ತಿರುಗಿ ಇಸಕೊಂಡು, ಒಂದು ಪುಟ ಓದ್ರಿ ಸಾಹೇಬರ ಅಂದೆ. ಅವರು ಎರಡು ಪುಟ ಓದಿದರು.