ಇಸಿಜಿ ನಡೆದು ಬಂದ ದಾರಿ

1905ರಲ್ಲಿ ಲೈಡನ್‌ನ ವಿಜ್ಞಾನಿ ಐಂಥೋವನ್ ರೋಗಿಗಳ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ತರಿಸಿ ಇಸಿಜಿ ದಾಖಲಿಸಿದರು. 1940ರ ದಶಕದ ಕೊನೆಗೆ ಅಮೆರಿಕದ ವಿಜ್ಞಾನಿ ಹೋಲ್ಟರ್ ರೂಪಿಸಿದ, ಬೆನ್ನ ಮೇಲೆ ಹೊರುವ ಇಸಿಜಿ ಯಂತ್ರದ ತೂಕ ಸುಮಾರು 38 ಕೆಜಿ. ಇಂದು ಕೈಗಡಿಯಾರವೂ ಇಸಿಜಿ ದಾಖಲಿಸಬಲ್ಲದು. ಆದರೆ ಉಪಕರಣ ಹಗುರವಾದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಗೆರೆಯನ್ನು ಓದುವವರು, ಔಷಧ ಕೊಡುವವರು ಹತ್ತಿರವಿರಬೇಕು. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಕರ್ನಾಟಕದ ಹೃದಯ ಜ್ಯೋತಿ ಯೋಜನೆಗೆ ಅರ್ಥ ಬರುವುದು ಇಲ್ಲೇ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಪರಿಶೀಲಿಸಿ, ಅಗತ್ಯವಿದ್ದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ.

ಯಂತ್ರ ತಪ್ಪಬಹುದೆಂಬ ಆಕ್ಷೇಪ ನಿಜವೇ. ಅದಕ್ಕಾಗಿಯೇ ಕೊನೆಯ ತೀರ್ಮಾನ ವೈದ್ಯರದ್ದಾಗಿರಬೇಕು. ಯಂತ್ರದ ಜೊತೆಗೆ ಸಿಬ್ಬಂದಿಗೂ ಔಷಧಕ್ಕೂ ಸರ್ಕಾರ ಹಣ ಕೊಡಲೇಬೇಕು.