ಇಟಿಕ್ಯಾಲದ ಶಾಲೆಯಲ್ಲಿ ಕನ್ನಡದ ಕಪಾಟು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಡುಗಡ್ಡೆ ಸೀಮೆಯಲ್ಲಿರುವ ಇಟಿಕ್ಯಾಲ ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಮಂಡಲ. 1956ರ ಅಕ್ಟೋಬರ್ ಮುಗಿಯುವವರೆಗೆ ಈ ಸೀಮೆ ರಾಯಚೂರು ಜಿಲ್ಲೆಯದು. ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಮಹಬೂಬನಗರಕ್ಕೆ ಹೋದವು. ತೆಲುಗರೇ ಹೆಚ್ಚಿದ್ದ ತಾಲ್ಲೂಕುಗಳು, ಆ ತೀರ್ಮಾನವನ್ನು ತಪ್ಪೆನ್ನಲಾರೆ. ಆದರೆ ಮನೆಮಾತು ತಾಲ್ಲೂಕಿನ ಎಲ್ಲೆ ನೋಡಿ ನಿಲ್ಲುವುದಿಲ್ಲ. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೇ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಲು ರಾಜ್ಯಗಳಿಗೆ ಹೇಳಿತು. ತೆಲಂಗಾಣದ ಮಕ್ತಲ್, ಕೃಷ್ಣಾ ಮಂಡಲಗಳ ಕಡೆ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಈ ಹೊಣೆ ಅಂಥ ಶಾಲೆಗಳ ಪಠ್ಯಪುಸ್ತಕಕ್ಕೆ ಮುಗಿಯಬಾರದು. ತೆಲುಗು ಮಾಧ್ಯಮದ ಶಾಲೆಯಲ್ಲಿ ಕನ್ನಡ ಮನೆಯ ಒಂದು ಮಗು ಕೂತಿದ್ದರೂ ಅಲ್ಲಿನ ಗ್ರಂಥಾಲಯದಲ್ಲಿ ಅದಕ್ಕೆ ಪುಸ್ತಕ ಇರಬೇಕು.

ಇದು ಹೊರಗಿನಿಂದ ತಂದು ಹೇರುವ ಆದರ್ಶವಲ್ಲ. ಆಲಂಪುರದ ಗುಡಿಗಳಲ್ಲಿ ಸಂಸ್ಕೃತ, ಕನ್ನಡ, ತೆಲುಗು ಶಾಸನಗಳು ಒಂದೇ ಊರಿನ ಕಲ್ಲುಗಳ ಮೇಲಿವೆ. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಆಡಳಿತವೂ ಮೇಲಿನ ಓದೂ ಹೆಚ್ಚಾಗಿ ಉರ್ದುವಿನಲ್ಲಿದ್ದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಆಗ ತೆಲುಗು ಓದುಗರನ್ನು ಬೆಳೆಸಿದ್ದು ಬಹುಮಟ್ಟಿಗೆ ಗ್ರಂಥಾಲಯಗಳು. 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಆರಂಭವಾಯಿತು. ಆ ಗ್ರಂಥಾಲಯ ಚಳವಳಿಯ ದೊಡ್ಡ ಹೆಸರುಗಳಲ್ಲೊಬ್ಬರಾದ ಸುರವರಂ ಪ್ರತಾಪರೆಡ್ಡಿ ಇದೇ ಆಲಂಪುರ ಸೀಮೆಯ ಇಟಿಕ್ಯಾಲಪಾಡಿನವರು. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲವೆಂಬ ಮಾತು ಕೇಳಿಬಂದಾಗ ಅವರು ಬರಿಯ ವಾದದಲ್ಲಿ ನಿಲ್ಲಲಿಲ್ಲ. ಊರೂರಿನಿಂದ ಪದ್ಯ ತರಿಸಿ, 1934ರಲ್ಲಿ 354 ಕವಿಗಳ ‘ಗೋಲಕೊಂಡ ಕವುಲ ಸಂಚಿಕ’ವನ್ನು ಅಚ್ಚು ಹಾಕಿಸಿದರು. ಕವಿಗಳು ಮೊದಲೂ ಇದ್ದರು. ಕಾಣುವ ಜಾಗದಲ್ಲಿ ಇರಲಿಲ್ಲ, ಅಷ್ಟೆ.

ಇಂದು ಕನ್ನಡದ ಬಗ್ಗೆ ಬರುವ ಮೊದಲ ಆಕ್ಷೇಪವೂ ಅದೇ ಜಾತಿಯದು: ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ? ಪುಸ್ತಕವೇ ಇಲ್ಲದ ಕಡೆ ಓದುಗರ ಲೆಕ್ಕ ಹಾಕುವುದು ನ್ಯಾಯವಲ್ಲ. ಹಣದ ಆಕ್ಷೇಪ ಇದಕ್ಕಿಂತ ಗಟ್ಟಿ. ಸಮಗ್ರ ಶಿಕ್ಷಾ ಯೋಜನೆಯ ಗ್ರಂಥಾಲಯ ಅನುದಾನ ಶಾಲೆಯ ಮಟ್ಟ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿ. ಅದರಲ್ಲಿ ತೆಲುಗು, ಇಂಗ್ಲಿಷ್ ಪುಸ್ತಕಗಳೇ ಸಾಲವು. ಒಪ್ಪುತ್ತೇನೆ. ಆದರೆ ಪ್ರತಿ ಶಾಲೆಯೂ ಎಲ್ಲವನ್ನೂ ಕೊಳ್ಳಬೇಕಿಲ್ಲ. ಮಂಡಲಕ್ಕೊಂದು ಕನ್ನಡ ಪೆಟ್ಟಿಗೆ ಮಾಡಿ ಶಾಲೆಯಿಂದ ಶಾಲೆಗೆ ಸುತ್ತಿಸಬಹುದು, ಉರ್ದುವಿಗೂ ಹಾಗೆಯೇ. ಮಗುವಿಗೆ ಮುಂದೆ ಅನ್ನ ಕೊಡುವುದು ತೆಲುಗು, ಇಂಗ್ಲಿಷ್ ತಾನೇ ಎನ್ನುವ ಪಾಲಕರ ಆತಂಕ ನಿಜವಾದದ್ದು. ಆದರೂ ಓದುವ ರೂಢಿ ಸುಲಭವಾಗಿ ಹತ್ತುವುದು ಅರ್ಥವಾಗುವ ಮಾತಿನಲ್ಲಿ. ಹತ್ತಿದ ರೂಢಿ ಇನ್ನೊಂದು ಭಾಷೆಗೂ ನಡೆದುಬರುತ್ತದೆ.

ಕನ್ನಡದ ಪೆಟ್ಟಿಗೆಗೆ ಏನು ಹಾಕುತ್ತೇವೆ ಎನ್ನುವುದೂ ಮುಖ್ಯ. ಬೆಂಗಳೂರಿನ ಮಗುವಿಗೆಂದು ಬರೆದ ಕಥೆಗಳಷ್ಟೇ ಸಾಲವು. ರಾಯಚೂರು ಕಡೆಯ ಮಾತು, ಹತ್ತಿ ಹೊಲ, ಗದ್ವಾಲ ಸೀರೆಯ ಮಗ್ಗ, ತಾಂಡಾದ ಬದುಕು ಅದರಲ್ಲಿ ಬರಬೇಕು. ಅಂಥವು ಅಂಗಡಿಯಲ್ಲಿ ಸಿಗದಿದ್ದರೆ ಪ್ರತಾಪರೆಡ್ಡಿಯವರ ದಾರಿ ಇದ್ದೇ ಇದೆ: ಊರೂರಿನಿಂದ ಬರೆಸಿ ತರಿಸುವುದು.