ಮೂರು ಕಿಲೋಮೀಟರ್ ಆಳಕ್ಕೆ ತಂಪು ಗಾಳಿ ಹೋಯಿತು, ನಮ್ಮ ಶೀಟಿನ ಮನೆಗೆ ಬರಲಿಲ್ಲ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಹೋದ ಏಪ್ರಿಲ್‌ನಲ್ಲಿ ಬಂಗಾರಪೇಟೆ ಹತ್ತಿರ ಇರೋ ನನ್ನ ತಂಗಿ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಒಂದೇ ರೂಮು, ಮೇಲೆ ಸಿಮೆಂಟ್ ಶೀಟು. ಒಳಗೆ ಕಾಲಿಟ್ಟರೆ ಒಲೆ ಮುಂದೆ ನಿಂತ ಹಾಗೆ. ಮಗುವನ್ನು ಆಚೆ ಬೇವಿನ ಮರದ ಕೆಳಗೆ ಮಲಗಿಸಿದ್ದಳು. ನಾನು ಒಳಗೆ ಹೋಗಿ ಫ್ಯಾನ್ ಸ್ವಿಚ್ ಹಾಕಿದೆ. ಎರಡು ನಿಮಿಷಕ್ಕೆ ಬಂದು ಆಫ್ ಮಾಡಿದಳು.

"ಬೇಡಣ್ಣ, ಯೂನಿಟ್ ಓಡ್ತದೆ. ಹಾಕಿದ್ರೂ ಬಿಸಿಗಾಳೀನೇ ಬರೋದು."

ಕರೆಂಟು ಫ್ರೀ ಇರೋ ರಾಜ್ಯದಲ್ಲಿ ನನ್ನ ತಂಗಿ ಯಾಕೆ ಫ್ಯಾನ್ ಆಫ್ ಮಾಡಿದಳು? ಆವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಉತ್ತರ ಹುಡುಕಿಕೊಂಡು ಹೋದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಯಿತು.

ಬಿಸಿಲು ಎಲ್ಲರಿಗೂ ಒಂದೇ ಅಂತಾರೆ. ಸುಳ್ಳು. ಬಿಸಿಲು ಒಂದೇ ಇರಬಹುದು, ನೆರಳು ಯಾವತ್ತೂ ಒಂದೇ ಇರಲಿಲ್ಲ. 1930ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ದಲಿತರ ಮೇಲೆ ಎಂಟು ನಿಷೇಧ ಹೇರಿದರು. ಜೆ.ಎಚ್. ಹಟ್ಟನ್ ಇದನ್ನು ದಾಖಲಿಸಿದ್ದಾರೆ. ಚಿನ್ನ ಬೆಳ್ಳಿ ಹಾಕಬಾರದು, ಮಂಡಿ ಕೆಳಗೆ ಬಟ್ಟೆ ಇಳಿಯಬಾರದು, ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಇರಬಾರದು. ಅದರಲ್ಲೇ ಇನ್ನೊಂದು: ಗಂಡಸರು ಬಿಸಿಲಿಗೆ, ಮಳೆಗೆ ಛತ್ರಿ ಹಿಡಿಯಬಾರದು, ಕಾಲಿಗೆ ಚಪ್ಪಲಿ ಹಾಕಬಾರದು. ಮೀರಿದವರ ಗುಡಿಸಲಿಗೆ ಬೆಂಕಿ ಇಟ್ಟರು. ಈ ಎಂಟರ ಪಟ್ಟಿಯನ್ನು ನಾವು ಮಾನ ಅವಮಾನದ ಲೆಕ್ಕದಲ್ಲಿ ಓದುತ್ತೇವೆ. ಅದು ಸರಿಯೇ. ಜೊತೆಗೆ ಮೈ ಸುಡೋ ಲೆಕ್ಕದಲ್ಲೂ ಓದಬೇಕು. ತಲೆ ಮೇಲಿನ ನೆರಳನ್ನೂ ಅಂಗಾಲಿನ ಕೆಳಗಿನ ತೊಗಲನ್ನೂ ಜಾತಿ ಕಾನೂನು ಮಾಡಿ ಕಿತ್ತುಕೊಂಡಿತ್ತು.

ತಮಿಳು ಸೀಮೆಯ ಇಂಥ ಬದುಕನ್ನು ಬಿಟ್ಟು, ಮುಖ್ಯವಾಗಿ ಉತ್ತರ ಆರ್ಕಾಟ್ ಕಡೆಯಿಂದ, ಸಾವಿರಾರು ದಲಿತರು ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದರು. ಸುತ್ತಮುತ್ತಲ ಹಳ್ಳಿಗಳಿಂದ ನಮ್ಮೋರೂ ಹೋದರು. ನಮ್ಮ ತಾತ ಅವರಲ್ಲಿ ಒಬ್ಬ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಹೋಗಿ, ಗಣಿಯೊಂದರಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡಿ ಬರುತ್ತಿದ್ದ.

ಈಗ ಕರೆಂಟಿನ ಕಥೆಗೆ ಬರೋಣ.

ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿದ್ದು 1902ರಲ್ಲಿ. ಶಾಲೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಡುತ್ತಾರೆ. ಆ ಕರೆಂಟು ಮೊದಲು ಎಲ್ಲಿಗೆ ಹೋಯಿತು ಅನ್ನೋದನ್ನು ಮಾತ್ರ ಬೇಗ ದಾಟಿಸಿಬಿಡುತ್ತಾರೆ. ಮೈಸೂರಿನ ಅರಮನೆಗೂ ಅಲ್ಲ, ಬೆಂಗಳೂರಿನ ಬೀದಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೆಜಿಎಫ್‌ಗೆ ತಂದರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಯಂತ್ರ ತಿರುಗಿಸಲು ಕರೆಂಟು ಬೇಕಿತ್ತು, ಸಂಸ್ಥಾನಕ್ಕೆ ಆದಾಯ ಬೇಕಿತ್ತು. ಅಂದರೆ ಈ ನಾಡಿನ ಮೊದಲ ದೊಡ್ಡ ಕರೆಂಟು ಬಂದದ್ದು ಬಹುಪಾಲು ದಲಿತರೇ ದುಡಿಯುತ್ತಿದ್ದ ಜಾಗಕ್ಕೆ. ಬಂದದ್ದು ಅವರ ಮನೆಗಲ್ಲ, ಅವರ ಕೆಲಸಕ್ಕೆ.

ಗಣಿ ಆಳಕ್ಕೆ ಇಳಿದ ಹಾಗೆ ಬಂಡೆ ಬಿಸಿಯಾಗುತ್ತದೆ. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ಬಿಸಿಯಲ್ಲಿ ಮನುಷ್ಯ ಕೆಲಸ ಮಾಡೋದಿರಲಿ, ಉಸಿರಾಡೋದೇ ಕಷ್ಟ. ಹಾಗಾಗಿ ಸ್ವಾತಂತ್ರ್ಯಕ್ಕೂ ಮೊದಲೇ ಅಲ್ಲಿ ಗಾಳಿಯನ್ನು ತಣ್ಣಗೆ ಮಾಡಿ ಕೆಳಗೆ ಕಳಿಸೋ ದೊಡ್ಡ ಯಂತ್ರಗಳು ಬಂದವು. ಏಸಿ ಅನ್ನೋ ಪದ ಈ ನಾಡಿನ ಬಹಳ ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ ನಮ್ಮ ತಾತಂದಿರು ಏಸಿ ಗಾಳಿ ಕುಡಿದಿದ್ದರು!

ನಾನು ಚಿಕ್ಕವನಿದ್ದಾಗ ತಾತನನ್ನು ಇದರ ಬಗ್ಗೆ ಕೇಳಿದ್ದೆ. "ಬಂಡೆ ಮುಟ್ಟಿದ್ರೆ ಕೈ ಸುಡೋದು ಕಣಪ್ಪಾ. ಮೇಲಿಂದ ತಣ್ಣಗಿನ ಗಾಳಿ ಬಿಡೋರು. ಗಾಳಿ ನಿಂತ್ರೆ ಕೆಲಸ ನಿಂತೋಗ್ತದಲ್ಲ, ಅದಕ್ಕೆ" ಅಂದಿದ್ದ. ಆಗ ನನಗೆ ಅದು ಅರ್ಥ ಆಗಿರಲಿಲ್ಲ. ಈಗ ಆಗುತ್ತದೆ. ಆ ತಂಪು ಅವನಿಗಾಗಿ ಬಂದದ್ದಲ್ಲ. ಚಿನ್ನ ಮೇಲೆ ಬರಬೇಕಾದರೆ ಅವನ ಮೈ ಎಂಟು ಗಂಟೆ ನಡೀಬೇಕಿತ್ತು, ಅಷ್ಟೇ. ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಅವನ ಮೈ ಯಾರ ಲೆಕ್ಕಕ್ಕೂ ಇಲ್ಲ.

ಕೆಜಿಎಫ್ ನೋಡಿದವರಿಗೆ ಗೊತ್ತಿರುತ್ತದೆ. ಯುರೋಪಿಯನ್ ಅಧಿಕಾರಿಗಳ ಬಂಗಲೆ ಅಂದರೆ ಎತ್ತರದ ಮಾಡು, ಸುತ್ತ ವರಾಂಡ, ತೋಟ. ನಮ್ಮ ಕಡೆ ಡಿಸೆಂಬರ್ ಚಳಿಗೆ ಅಂತ ಗೋಡೆಯಲ್ಲೇ ಬೆಂಕಿಗೂಡು, ಮೇಲೆ ಹೊಗೆ ಕೊಳವೆ. ಬೇಸಿಗೆಗೂ ಚಳಿಗೂ ಮನೆಯೇ ಉತ್ತರ ಕೊಡುತ್ತಿತ್ತು. ಕಾರ್ಮಿಕರ ಲೈನ್‌ಗಳಲ್ಲಿ ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಒಂದಕ್ಕೊಂದು ಅಂಟಿಕೊಂಡ ಚಿಕ್ಕ ಕೋಣೆಗಳು. ಬೇಸಿಗೆಯಲ್ಲಿ ಬಾಗಿಲಾಚೆ ಮಲಗು, ಚಳಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗು. ನಮ್ಮ ಹಳ್ಳಿ ಕೇರಿಯಲ್ಲೂ ಅದೇ ಪಾಡು. 1902ರಲ್ಲಿ ನಮ್ಮ ತಾಲ್ಲೂಕಿಗೇ ಬಂದ ಕರೆಂಟು ನಮ್ಮ ಕೇರಿಗೆ ಬಂದದ್ದು ನಮ್ಮಪ್ಪ ಬುಡ್ಡಿ ದೀಪದಲ್ಲಿ ಓದು ಮುಗಿಸಿದ ಎಷ್ಟೋ ವರ್ಷದ ಮೇಲೆ.

ಇಲ್ಲಿ ಬಾಬಾಸಾಹೇಬರ ವಿಚಾರ ಹೇಳಲೇಬೇಕು. ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ನೀರಾವರಿ ಮತ್ತು ವಿದ್ಯುತ್ ಕೂಡ ಅವರ ಕೈಯಲ್ಲೇ ಇತ್ತು. 1943ರ ಅಕ್ಟೋಬರ್‌ನಲ್ಲಿ, ಯುದ್ಧ ಮುಗಿದ ಮೇಲೆ ದೇಶಕ್ಕೆ ವಿದ್ಯುತ್ ಹೇಗೆ ಕೊಡಬೇಕು ಅಂತ ಯೋಚಿಸೋ ಸಮಿತಿಯ ಅಧ್ಯಕ್ಷರಾಗಿ ಮಾತಾಡಿದರು. ವಿದ್ಯುತ್ ಖಾಸಗಿಯವರ ಕೈಯಲ್ಲಿರಬೇಕೋ ಸರ್ಕಾರದ ಕೈಯಲ್ಲೋ, ಅದು ಅಗ್ಗವಾಗಿ ಧಾರಾಳವಾಗಿ ಸಿಗಬೇಕಾದರೆ ಏನು ಮಾಡಬೇಕು, ಇವೇ ಅವರ ಪ್ರಶ್ನೆಗಳು. ಅಗ್ಗದ ವಿದ್ಯುತ್ ಇಲ್ಲದೆ ಕೈಗಾರಿಕೆ ಬೆಳೆಯಲ್ಲ, ಕೈಗಾರಿಕೆ ಇಲ್ಲದೆ ಬಡತನದ ಸುತ್ತು ಮುರಿಯಲ್ಲ ಅನ್ನೋದು ಅವರ ವಾದ. ಅದೇ ಡಿಸೆಂಬರ್‌ನಲ್ಲಿ ಧನಬಾದ್‌ಗೆ ಹೋಗಿ ಕಲ್ಲಿದ್ದಲು ಗಣಿಯೊಳಗೆ ಇಳಿದರು, ಕಾರ್ಮಿಕರ ಮನೆಗಳನ್ನೂ ನೋಡಿದರು. ಗಣಿಯನ್ನೂ ನೋಡಬೇಕು, ಗಣಿಯವನ ಮನೆಯನ್ನೂ ನೋಡಬೇಕು ಅನ್ನೋದು ಆ ಕುರ್ಚಿಯಲ್ಲಿ ಕೂತ ನಮ್ಮವರಿಗೆ ಹೊಳೆದಿತ್ತು.

ಆಮೇಲೆ ಏನಾಯಿತು? ನಮಗೆ ಕೊಟ್ಟದ್ದು ಬಲ್ಬು. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದೇ ಒಂದು 40 ವ್ಯಾಟ್ ದೀಪ. ನಾನು ಅದನ್ನು ಸಣ್ಣದು ಅನ್ನಲ್ಲ. ನಾನು ಓದಿದ್ದೇ ಆ ಬಲ್ಬಿನ ಕೆಳಗೆ. ಆದರೆ ಆ ಯೋಜನೆಯ ಲೆಕ್ಕದಲ್ಲಿ ಬಡವನ ಮನೆಗೆ ಬೆಳಕು ಬೇಕು, ಗಾಳಿ ಬೇಡ. ಫ್ಯಾನ್ ಅಂದರೆ ಶೋಕಿ. ಲೈನ್‌ಮನ್ ಬಂದ ಅಂದರೆ ಪಕ್ಕದ ಮನೆಯವರು ಟೇಬಲ್ ಫ್ಯಾನನ್ನು ಗೋಣಿಚೀಲದ ಕೆಳಗೆ ಬಚ್ಚಿಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಗೃಹಜ್ಯೋತಿ. 2023ರಲ್ಲಿ ಬಂತು, 200 ಯೂನಿಟ್‌ವರೆಗೆ ಫ್ರೀ ಅಂತ ಎಲ್ಲರ ಬಾಯಲ್ಲೂ ಇದೆ. ಆದರೆ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ನೀವು ಸರಾಸರಿ ಎಷ್ಟು ಸುಟ್ಟಿದ್ದಿರೋ ಅದರ ಮೇಲೆ ಶೇ 10 ಸೇರಿಸಿ ಅಷ್ಟು ಫ್ರೀ. ತಿಂಗಳಿಗೆ 150 ಯೂನಿಟ್ ಬಳಸಿದ ಮನೆಗೆ 165 ಫ್ರೀ. 30 ಬಳಸಿದ ಮನೆಗೆ 33. ಗಲಾಟೆ ಆದ ಮೇಲೆ 2024ರಲ್ಲಿ 48 ಯೂನಿಟ್‌ಗಿಂತ ಕಡಿಮೆ ಬಳಸೋರಿಗೆ ಶೇ 10ರ ಬದಲು 10 ಯೂನಿಟ್ ಅಂತ ತಿದ್ದಿದರು. ಆಗಲೂ 30ರ ಮನೆಗೆ 40 ಅಷ್ಟೇ.

ನನ್ನ ತಂಗಿಯ ಸರಾಸರಿ 34 ಇತ್ತು. ಯಾಕೆ ಅಷ್ಟು ಕಡಿಮೆ? ಆ ವರ್ಷ ಅವರ ಮನೇಲಿ ಫ್ಯಾನೇ ಇರಲಿಲ್ಲ. ಈಗ ಅವಳ ಪಾಲು 44. ಮಾಮೂಲಿ ಫ್ಯಾನ್ 75 ವ್ಯಾಟ್. ದಿನಕ್ಕೆ ಹತ್ತು ಗಂಟೆ ಓಡಿದರೆ ಮುಕ್ಕಾಲು ಯೂನಿಟ್, ತಿಂಗಳಿಗೆ ಇಪ್ಪತ್ತೆರಡೂವರೆ. ಮೊದಲಿನ 34ರ ಜೊತೆ ಇದು ಸೇರಿದರೆ 44 ದಾಟಿತು, ದಾಟಿದ್ದಕ್ಕೆ ಬಿಲ್ಲು. ನಿನ್ನೆ ನಿನಗೆ ಇರಲಿಲ್ಲ, ಆದ್ದರಿಂದ ಇವತ್ತೂ ನಿನಗೆ ಕಡಿಮೆ. ಮನುಸ್ಮೃತಿ ಓದದೇ ಇರೋ ಅಧಿಕಾರಿಯೂ ಇಂಥ ಸೂತ್ರ ಬರೆಯಬಲ್ಲ ಅನ್ನೋದೇ ಭಯ. ಇದರ ಮೇಲೆ 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯ 11 ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳಿಗೆ ಇಟ್ಟರು. ಗ್ಯಾರಂಟಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಹೆಸರಿನ ಹಣ ಹೋಗುವಾಗ ನಮ್ಮ ಮನೆಯ ಬಿಸಿಯೂ ಲೆಕ್ಕಕ್ಕೆ ಬರಲಿ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ತಂಗಿ ಹೇಳಿದ್ದರಲ್ಲಿ ಅರ್ಧ ಮೀಟರಿನದು, ಇನ್ನರ್ಧ ಮಾಡಿನದು. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡಲ್ಲ, ಇರೋ ಗಾಳಿಯನ್ನು ತಿರುಗಿಸುತ್ತದೆ. ಶೀಟು ಕಾದು ಇಡೀ ಕೋಣೆ ಬೆಂದಿದ್ದರೆ ಆ ಬೆಂದ ಗಾಳಿಯನ್ನೇ ಮುಖಕ್ಕೆ ಹೊಡೆಯುತ್ತದೆ. ಅದೇ ತೆಳ್ಳನೆ ಶೀಟು ಚಳಿಗಾಲದ ರಾತ್ರಿ ಶಾಖ ಹಿಡಿದಿಡಲ್ಲ. ಆಗ ನೀರು ಕಾಯಿಸೋಕೆ ಕಾಯಿಲ್ ಹಾಕುತ್ತೇವೆ. 1500 ವ್ಯಾಟ್ ಕಾಯಿಲ್ ಅರ್ಧ ಗಂಟೆ ಇಟ್ಟರೆ ಮುಕ್ಕಾಲು ಯೂನಿಟ್, ಅಂದರೆ ಫ್ಯಾನ್ ಹತ್ತು ಗಂಟೆ ಓಡಿದಷ್ಟು. ಕೆಟ್ಟ ಮಾಡು ಕೊಟ್ಟು ಕರೆಂಟು ಉಳಿಸಿ ಅನ್ನೋದು ಹರಿದ ಚೀಲ ಕೊಟ್ಟು ರಾಗಿ ಚೆಲ್ಲಬೇಡ ಅಂದ ಹಾಗೆ.

ಹಾಗಾಗಿ ಕೆಲಸ ಎರಡು ಕಡೆಯಿಂದ ಆಗಬೇಕು.

ನಮ್ಮ ಕೈಲಿ ಆಗೋದು: ಯುಗಾದಿಗೆ ಗೋಡೆಗೆ ಬಳಿಯೋ ಸುಣ್ಣವನ್ನು ಈ ಸಲ ಮಾಡಿಗೂ ಬಳಿಯಿರಿ, ಗೋಂದು ಬೆರೆಸಿ ಎರಡು ಸಲ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ತಗಡು, ಶೀಟು, ಮೋಲ್ಡು ಎಲ್ಲದಕ್ಕೂ ಆಗುತ್ತದೆ. ಸಿಮೆಂಟ್ ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಮುರಿಯುತ್ತದೆ. ಏಣಿಯಿಂದಲೇ ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿಯಿರಿ. ಹಳೇ ಶೀಟನ್ನು ಉಜ್ಜಬೇಡಿ, ಕೊಯ್ಯಬೇಡಿ, ಕಲ್ನಾರಿನ ಧೂಳು ಶ್ವಾಸಕೋಶ ತಿನ್ನುತ್ತದೆ. ಹೊಸ ಫ್ಯಾನ್ ಕೊಳ್ಳೋದಾದರೆ ಬಿಎಲ್‌ಡಿಸಿ ಫ್ಯಾನ್ ನೋಡಿ. 30 ವ್ಯಾಟ್ ಆಸುಪಾಸು ಇರುತ್ತದೆ, ಹತ್ತು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 9 ಯೂನಿಟ್. ಬೆಲೆ ಜಾಸ್ತಿ, ಅದಕ್ಕೇ ಎರಡನೇ ಮಾತು ಬೇಕು.

ಸರ್ಕಾರ ಮಾಡಬೇಕಾದ್ದು: ತೆಲಂಗಾಣ 2023ರಲ್ಲೇ ತಂಪು ಮಾಡಿನ ನೀತಿ ತಂದಿದೆ. ನಮ್ಮಲ್ಲೂ ಬರಲಿ, ಮೊದಲು ಕೇರಿ, ಕಾಲೋನಿ, ಕೊಳೆಗೇರಿಯಿಂದ ಶುರುವಾಗಲಿ. ಸರ್ಕಾರಿ ವಸತಿ ಯೋಜನೆಯ ಮನೆಗೆ ಎದುರುಬದುರು ಕಿಟಕಿ, ಬಿಸಿ ತಡೆಯೋ ಮಾಡು ಕಡ್ಡಾಯ ಆಗಲಿ. ಗೃಹಜ್ಯೋತಿಯಲ್ಲಿ ಹಳೇ ಸರಾಸರಿಯ ಲೆಕ್ಕ ಬಿಟ್ಟು, ಒಂದು ಮನೆ ಬೇಸಿಗೆಯಲ್ಲಿ ಬದುಕೋಕೆ ಎಷ್ಟು ಬೇಕೋ ಅಷ್ಟು ಕನಿಷ್ಠ ಯೂನಿಟ್ ಪ್ರತಿ ಬಡ ಮನೆಗೂ ಕೊಡಲಿ.

ನಿಮ್ಮ ಕೇರಿಯಲ್ಲಿ ಹತ್ತು ಮನೆ ಬಿಲ್ಲು ತೆಗೆದು ನೋಡಿ. ಅರ್ಹ ಯೂನಿಟ್ ಎಷ್ಟು ಅಂತ ಬರೆದುಕೊಳ್ಳಿ, ಮಾಡು ಯಾವುದು ಅಂತ ಪಕ್ಕದಲ್ಲಿ ಬರೆಯಿರಿ. ಕಾಮೆಂಟಿನಲ್ಲಿ ಹೆಸರು ಬೇಡ, ಊರು ಮತ್ತು ಲೆಕ್ಕ ಸಾಕು. ಆ ಪಟ್ಟಿ ಹಿಡಿದು ಹೋಗಿ ಮಾತಾಡೋಣ.

ಗಣಿ 2001ರಲ್ಲಿ ಮುಚ್ಚಿತು. ಅದಕ್ಕೂ ಮೊದಲೇ ತಾತ ಹೋದ. ಹೋದದ್ದು ಒಂದು ಮೇ ತಿಂಗಳು, ಶೀಟಿನ ಕೆಳಗೆ, ಅಜ್ಜಿ ಮೊರದಲ್ಲಿ ಗಾಳಿ ಬೀಸುತ್ತಾ ಕೂತಿದ್ದಳು. ನೆಲದ ಒಳಗೆ ಅವನಿಗೆ ತಂಪು ಗಾಳಿ ಕಳಿಸೋದು ಈ ದೇಶಕ್ಕೆ ಗೊತ್ತಿತ್ತು. ಅವನ ಮರಿಮಗು ಮಧ್ಯಾಹ್ನ ಮನೆಯೊಳಗೇ ಮಲಗೋ ಹಾಗೆ ಮಾಡೋದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಜೈ ಭೀಮ್.